ಸೆನ್ಸರ್ ಬದಲಾಯಿಸುವ ಮೊದಲು: ವಾಹನದ ಮ್ಯಾಗ್ನೆಟ್ ಸೆನ್ಸರ್, ಸುರಕ್ಷತಾ ಸ್ವಿಚ್‌ಗಳನ್ನು ಪರೀಕ್ಷಿಸುವುದು, ಕೂರಿಸುವುದು

ಸೈಡ್ ಸ್ಟ್ಯಾಂಡ್ ಎತ್ತಿದ್ದರೂ ಗೇರ್ ಹಾಕಿದೊಡನೆ ಎಂಜಿನ್ ಬಂದ್ ಆಗುತ್ತದೆ. ಬ್ರೇಕ್ ಆಯಿಲ್ ಡಬ್ಬಿ ತುಂಬಿದ್ದರೂ ಕೆಂಪು ದೀಪ ಆರುವುದಿಲ್ಲ. ಮೆಲ್ಲಗೆ ಬ್ರೇಕ್ ಒತ್ತಿ ಗಾಡಿ ಇನ್ನೇನು ನಿಂತಿತು ಅನ್ನುವಾಗ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಟಕಟ ಸದ್ದು ಮಾಡಿ ಪೆಡಲ್ ನಡುಗಿಸುತ್ತದೆ. ಇಂಥ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಅಯಸ್ಕಾಂತದ ಬಲದಿಂದ ಕೆಲಸ ಮಾಡುವ ಒಂದು ಸೆನ್ಸರ್. ಎಲ್ಲದಕ್ಕೂ ಸಿಗುವ ಚಿಕಿತ್ಸೆಯೂ ಒಂದೇ: ಹೊಸದು ಹಾಕಿ ನೋಡುವುದು. ಹೊಸದು ಹಾಕಿದ ಮೇಲೂ ದೂರು ಹಾಗೇ ಉಳಿದಾಗ ತಲೆ ಕೆಡುತ್ತದೆ.

ಕಾರಣ ಸರಳ. ಇಲ್ಲಿ ಸೆನ್ಸರ್ ಎಂಬುದು ಒಂಟಿ ಬಿಡಿಭಾಗವಲ್ಲ. ಒಂದು ಕಡೆ ಸೆನ್ಸರ್, ಎದುರಿಗೆ ಮ್ಯಾಗ್ನೆಟ್ ಅಥವಾ ಹಲ್ಲಿನ ಚಕ್ರ, ಇವೆರಡರ ನಡುವಿನ ಸಂದು, ಆಮೇಲೆ ವೈರ್, ಕನೆಕ್ಟರ್, ಅರ್ತ್ (ಕರೆಂಟ್ ಬ್ಯಾಟರಿ ನೆಗೆಟಿವ್ ಕಡೆ ಮರಳುವ ದಾರಿ). ಆರರಲ್ಲಿ ಯಾವುದು ಕೆಟ್ಟರೂ ಡ್ಯಾಶ್‌ಬೋರ್ಡ್ ದೂರುವುದು ಸೆನ್ಸರನ್ನೇ. ಆದ್ದರಿಂದ ಪರೀಕ್ಷೆಯ ಕ್ರಮ ಹೀಗಿರಲಿ: ಮೊದಲು ಕಣ್ಣಿಂದ ಮ್ಯಾಗ್ನೆಟ್ ಮತ್ತು ಸಂದು, ನಂತರ ಕನೆಕ್ಟರ್, ಆಮೇಲೆ ವಿದ್ಯುತ್ ಮತ್ತು ಅರ್ತ್, ಕೊನೆಗೆ ಸೆನ್ಸರ್.

ಯಾವ ಜಾತಿಯದು?

ವಾಹನಗಳಲ್ಲಿ ಸಿಗುವ ಕಾಂತ ಸೆನ್ಸರ್‌ಗಳು ಮುಖ್ಯವಾಗಿ ಮೂರು ಜಾತಿ. ಒಂದಕ್ಕೆ ಮಾಡುವ ಪರೀಕ್ಷೆ ಇನ್ನೊಂದನ್ನು ಸುಟ್ಟುಹಾಕಬಹುದು, ಹಾಗಾಗಿ ಮೀಟರ್ (ಮಲ್ಟಿಮೀಟರ್) ಹಚ್ಚುವ ಮೊದಲೇ ಜಾತಿ ಗೊತ್ತಿರಬೇಕು.

ರೀಡ್ ಸ್ವಿಚ್ ಎಂದರೆ ಸಣ್ಣ ಗಾಜಿನ ಕೊಳವೆಯೊಳಗೆ ಎದುರುಬದುರಾಗಿ ಕೂತ ಎರಡು ತೆಳು ಲೋಹದ ಪಟ್ಟಿ. ಕಾಂತಕ್ಕೆ ಒಲಿಯುವ ಲೋಹ. ತುದಿಗಳ ನಡುವೆ ಕೂದಲೆಳೆಯ ಸಂದು. ಸುತ್ತ ತುಕ್ಕು ಹಿಡಿಸದ ಅನಿಲ. ಮ್ಯಾಗ್ನೆಟ್ ಹತ್ತಿರ ಬಂದರೆ ಪಟ್ಟಿಗಳು ಒಂದಕ್ಕೊಂದು ಅಂಟುತ್ತವೆ, ದೂರ ಹೋದರೆ ಸ್ಪ್ರಿಂಗಿನಂತೆ ಬಿಡುತ್ತವೆ. 1936ರಲ್ಲಿ ಬೆಲ್ ಲ್ಯಾಬೊರೇಟರೀಸ್‌ನ ವಾಲ್ಟರ್ ಎಲ್ವುಡ್ ರೂಪಿಸಿದ ಈ ಸ್ವಿಚ್ ಬ್ರೇಕ್ ಆಯಿಲ್ ಡಬ್ಬಿ, ಕೂಲಂಟ್ ಡಬ್ಬಿ, ಬಾಗಿಲು, ಕೆಲವು ಬೈಕುಗಳ ಸೈಡ್ ಸ್ಟ್ಯಾಂಡ್‌ಗಳಲ್ಲಿ ಇಂದಿಗೂ ಇದೆ. ಸಾಮಾನ್ಯವಾಗಿ ಎರಡು ವೈರ್. ಇದಕ್ಕೆ ಬೇರೆ ವಿದ್ಯುತ್ ಪೂರೈಕೆ ಬೇಕಿಲ್ಲ.

ಹಾಲ್ ಸೆನ್ಸರ್‌ನಲ್ಲಿ ಅಲುಗುವ ಭಾಗವೇ ಇಲ್ಲ. ವಿದ್ಯುತ್ ಹರಿಯುವ ತೆಳು ಹಾಳೆಗೆ ಅಡ್ಡಲಾಗಿ ಕಾಂತಕ್ಷೇತ್ರ ಒಡ್ಡಿದರೆ ಹಾಳೆಯ ಎರಡು ಅಂಚಿನ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ ಎಂಬುದನ್ನು ಎಡ್ವಿನ್ ಹಾಲ್ 1879ರಲ್ಲಿ ಚಿನ್ನದ ರೇಕಿನ ಮೇಲೆ ತೋರಿಸಿದ್ದರು. ಅದೇ ಪರಿಣಾಮ ಈಗ ಎಲೆಕ್ಟ್ರಾನಿಕ್ ಚಿಪ್ ಒಳಗೆ ಕೂತಿದೆ. ಸಾಮಾನ್ಯವಾಗಿ ಮೂರು ವೈರ್: ಪೂರೈಕೆ, ಅರ್ತ್, ಸಿಗ್ನಲ್. ಕ್ಯಾಮ್, ಕ್ರ್ಯಾಂಕ್, ಆಕ್ಸಿಲರೇಟರ್ ಪೆಡಲ್, ಸೀಟ್ ಬೆಲ್ಟ್ ಬಕಲ್ ಹೀಗೆ ಹಲವೆಡೆ ಬಳಕೆ.

ಮೂರನೆಯದು ಕಾಯಿಲ್ ಸೆನ್ಸರ್. ಮ್ಯಾಗ್ನೆಟ್ಟಿನ ಸುತ್ತ ತಾಮ್ರದ ತಂತಿ ಸುತ್ತಿರುತ್ತದೆ. ಮುಂದೆ ಉಕ್ಕಿನ ಹಲ್ಲುಗಳು ಹಾದುಹೋದಾಗ ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ. ಎರಡು ವೈರ್, ಕೆಲವೊಮ್ಮೆ ಮೂರನೆಯದಾಗಿ ಶೀಲ್ಡ್. ಚಕ್ರ ತಿರುಗದಿದ್ದರೆ ಇದರಿಂದ ಏನೂ ಬರುವುದಿಲ್ಲ.

ವೈರ್ ಎಣಿಸಿದರೆ ಜಾತಿ ತಿಳಿಯಿತು ಅಂದುಕೊಳ್ಳಬೇಡಿ. ಈಗಿನ ಎಬಿಎಸ್ ಚಕ್ರ ಸೆನ್ಸರ್‌ಗಳಲ್ಲಿ ಬಹುಪಾಲು ಎರಡೇ ವೈರಿನ, ಹಾಲ್ ಸೆನ್ಸರಿನಂತೆ ಒಳಗೆ ಚಿಪ್ ಇರುವ ಚಿಪ್ ಸೆನ್ಸರ್‌ಗಳು. ಸರ್ಕ್ಯೂಟ್ ಚಿತ್ರ ಸಿಗದಿದ್ದರೆ ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಹಾಕಿ, ಹಾರ್ನೆಸ್ (ಗಾಡಿಯ ವೈರ್ ಕಟ್ಟು) ಕಡೆಯ ಪಿನ್‌ನಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಯ ಹತ್ತಿರದ ವೋಲ್ಟೇಜ್ ಕಂಡರೆ ಎದುರಿಗಿರುವುದು ಚಿಪ್ ಸೆನ್ಸರ್ ಎಂದೇ ನಡೆದುಕೊಳ್ಳಿ. ಓಮ್ ಮೀಟರ್ ದೂರ ಇರಲಿ.

ಬ್ರೇಕ್ ಆಯಿಲ್ ಡಬ್ಬಿ

ಡಬ್ಬಿಯೊಳಗೆ ತೇಲುವ ಬುರುಡೆಯಲ್ಲಿ ಮ್ಯಾಗ್ನೆಟ್, ನಡುಗಂಬದಲ್ಲೋ ತಳದಲ್ಲೋ ರೀಡ್. ಆಯಿಲ್ ಇಳಿದಂತೆ ಬುರುಡೆ ರೀಡ್ ಬಳಿ ಬಂದು ಸ್ವಿಚ್ ಮುಚ್ಚುತ್ತದೆ, ದೀಪ ಹತ್ತುತ್ತದೆ. ದೀಪ ಹತ್ತಿದ್ದರೆ ಮೊದಲು ಆಯಿಲ್ ಮಟ್ಟ ನೋಡಿ. ಮಟ್ಟ ಕಡಿಮೆ ಇದ್ದರೆ ಸುಮ್ಮನೆ ತುಂಬಿಸಿ ಮುಚ್ಚಳ ಹಾಕಬೇಡಿ. ಪ್ಯಾಡ್ ಸವೆದಂತೆ ಮಟ್ಟ ಇಳಿಯುವುದು ಸಹಜ, ಆದರೆ ಸೋರಿಕೆಯಿಂದಲೂ ಇಳಿಯುತ್ತದೆ. ತುಂಬಿಸಿದರೆ ಎರಡೂ ಮರೆಯಾಗಿಬಿಡುತ್ತವೆ. ಪ್ಯಾಡ್ ದಪ್ಪ, ಕ್ಯಾಲಿಪರ್, ಚಕ್ರದ ಒಳಬದಿ, ಮಾಸ್ಟರ್ ಸಿಲಿಂಡರಿನ ಹಿಂಭಾಗ ನೋಡಿದ ಮೇಲೆಯೇ ಡಬ್ಬಿಗೆ ಕೈ ಹಾಕಿ.

ಮಟ್ಟ ಸರಿ ಇದ್ದೂ ದೀಪ ಉರಿಯುತ್ತಿದ್ದರೆ ಹ್ಯಾಂಡ್‌ಬ್ರೇಕ್ ಸ್ವಿಚ್ ನೆನಪಿಸಿಕೊಳ್ಳಿ. ಎಷ್ಟೋ ಗಾಡಿಗಳಲ್ಲಿ ಎರಡಕ್ಕೂ ಒಂದೇ ದೀಪ. ಡಬ್ಬಿಯ ಕನೆಕ್ಟರ್ ಕಳಚಿ. ದೀಪ ಆರಿದರೆ ತೊಂದರೆ ಡಬ್ಬಿಯ ಕಡೆ. ಆರದಿದ್ದರೆ ಹ್ಯಾಂಡ್‌ಬ್ರೇಕ್ ಸ್ವಿಚ್ ಅಥವಾ ಎಲ್ಲೋ ಅರ್ತ್‌ಗೆ ತಾಗಿದ ವೈರ್. ಕೆಲವು ಮಾದರಿಗಳಲ್ಲಿ ಸೆನ್ಸರಿನೊಳಗೆ ಒಂದು ರೆಸಿಸ್ಟರ್ ಇಟ್ಟು ವೈರ್ ಕಡಿದದ್ದನ್ನೂ ಕಂಡುಹಿಡಿಯುತ್ತಾರೆ. ಅಲ್ಲಿ ಕನೆಕ್ಟರ್ ಕಳಚಿದರೆ ದೀಪ ಆರುವ ಬದಲು ಹತ್ತುತ್ತದೆ.

ಡಬ್ಬಿಯ ಕಡೆಯೇ ತೊಂದರೆ ಎಂದಾದರೆ ಶುಭ್ರವಾದ, ಎಳೆ ಬಿಡದ ಕಡ್ಡಿಯಿಂದ ಬುರುಡೆಯನ್ನು ಮೆಲ್ಲಗೆ ಒತ್ತಿ ಬಿಡಿ. ಆರೋಗ್ಯವಂತ ಬುರುಡೆ ಪುಟಿದು ಮೇಲೆ ಬರುತ್ತದೆ. ಸೋಮಾರಿಯಂತೆ ಅರ್ಧಕ್ಕೇ ನಿಂತರೆ ಅದು ಆಯಿಲ್ ಕುಡಿದು ಭಾರವಾಗಿದೆ. ಆಗ ರೀಡ್ ಚೆನ್ನಾಗಿಯೇ ಇರುತ್ತದೆ, ಸುಳ್ಳು ಹೇಳುತ್ತಿರುವುದು ಬುರುಡೆ. ಬ್ರೇಕ್ ಆಯಿಲ್ ಪೇಂಟ್ ಕಿತ್ತುಹಾಕುತ್ತದೆ, ಗಾಳಿಯ ತೇವ ಹೀರುತ್ತದೆ. ಬಟ್ಟೆ ಹಾಸಿಕೊಂಡು ಕೆಲಸ ಮಾಡಿ, ಮುಚ್ಚಳ ತೆರೆದಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ.

ರೀಡ್ ಅಳೆಯುವುದು

ಕನೆಕ್ಟರ್ ಬಿಚ್ಚಿ, ಮೀಟರನ್ನು ಓಮ್‌ಗೆ ಇಟ್ಟು, ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಮೀಟರಿನದೇ ಓಮ್ ಎಷ್ಟು ಎಂದು ನೋಡಿಕೊಳ್ಳಿ. ಆ ಲೆಕ್ಕ ಕಳೆದ ಮೇಲೆ ಮುಚ್ಚಿದ ರೀಡ್ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಹಲವು ಓಮ್ ತೋರಿಸಿದರೆ, ಅಥವಾ ಸೆನ್ಸರ್ ಅಲುಗಿಸಿದಂತೆ ಅಂಕಿ ಕುಣಿದರೆ ಸಂಪರ್ಕದ ತುದಿ ಸುಟ್ಟಿದೆ. ತೆರೆದಾಗ ಮೀಟರ್ ಯಾವ ಅಂಕಿಯನ್ನೂ ಹಿಡಿಯಬಾರದು. ನೂರಾರು ಕಿಲೋ ಓಮ್ ತೋರಿಸಿದರೆ ಕವಚದೊಳಗೆ ನೀರು ಹೊಕ್ಕಿದೆ. ಒಳಗೆ ರೆಸಿಸ್ಟರ್ ಇರುವ ಮಾದರಿಗೆ ಮಾತ್ರ ಈ ಅಂಕಿಗಳು ಅನ್ವಯಿಸವು.

ಮ್ಯಾಗ್ನೆಟ್ ದೂರ ತೆಗೆದರೂ ಮುಚ್ಚಿಯೇ ಇರುವ ರೀಡ್‌ಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಕ್ಕೆಂದು ಬಿಟ್ಟುಕೊಂಡರೆ ತುದಿಗಳು ಬೆಸೆದುಕೊಂಡಿದ್ದವು ಎಂದರ್ಥ. ತಟ್ಟಿದ್ದರಿಂದ ಸರಿಹೋಯಿತು ಎಂದು ಬಿಡಬೇಡಿ, ಮತ್ತೆ ಬೆಸೆದುಕೊಳ್ಳುತ್ತದೆ. ಬದಲಾಯಿಸಿ, ಬೆಸೆದದ್ದೇಕೆ ಎಂದೂ ಹುಡುಕಿ. ಸಣ್ಣ ರೀಡ್‌ಗಳ ತಾಕತ್ತು ಸಾಮಾನ್ಯವಾಗಿ 10 ವ್ಯಾಟ್, ಅರ್ಧ ಆಂಪಿಯರ್ ಆಸುಪಾಸು. 5 ವ್ಯಾಟಿನ ತಂತಿ ಬಲ್ಬ್ ಆ ಲೆಕ್ಕದಲ್ಲಿ ಸುಲಭದ ಹೊರೆ ಅನ್ನಿಸುತ್ತದೆ. ಆದರೆ ತಣ್ಣಗಿರುವ ಬಲ್ಬ್ ಹತ್ತುವ ಆ ಕ್ಷಣದಲ್ಲಿ ಸುಮಾರು ಹತ್ತು ಪಟ್ಟು ಕರೆಂಟ್ ಎಳೆಯುತ್ತದೆ. ರಿಲೇ (ಕಾಯಿಲಿನ ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್) ಕಾಯಿಲ್ ಇದ್ದರೆ ಆರುವ ಕ್ಷಣದಲ್ಲಿ ಹಿಮ್ಮೊಗವಾಗಿ ನೂರಾರು ವೋಲ್ಟಿನ ಒದೆತ ಕೊಡುತ್ತದೆ. ಬಲ್ಬನ್ನು ರೀಡ್‌ನಿಂದ ನೇರವಾಗಿ ಉರಿಸಬೇಡಿ. ರಿಲೇ ಇದ್ದಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರಲೇಬೇಕು.

ಇನ್ನೊಂದು ಸೂಕ್ಷ್ಮ. ಮ್ಯಾಗ್ನೆಟ್ಟಿನ ಎರಡು ಧ್ರುವ ಸೇರಿಸುವ ಗೆರೆ ಗಾಜಿನ ಕೊಳವೆಯ ಉದ್ದಕ್ಕೆ ಸಮಾನಾಂತರವಾಗಿರಬೇಕು. ಒಂದೇ ಧ್ರುವವನ್ನು ಕೊಳವೆಯ ನಟ್ಟನಡುವಿಗೆ ಮುಖ ಮಾಡಿಸಿದರೆ ಎರಡೂ ಪಟ್ಟಿಯ ತುದಿಗಳು ಒಂದೇ ಧ್ರುವವಾಗಿ ಒಂದನ್ನೊಂದು ದೂಡುತ್ತವೆ. ಮ್ಯಾಗ್ನೆಟ್ ತೀರ ಹತ್ತಿರ ಇದ್ದೂ ಸ್ವಿಚ್ ಮುಚ್ಚುವುದಿಲ್ಲ. ಸ್ವಲ್ಪ ಎಡಕ್ಕೋ ಬಲಕ್ಕೋ ಸರಿಸಿದರೆ ಮುಚ್ಚುತ್ತದೆ. ಬಾಗಿಲು ಸ್ವಲ್ಪ ಜಗ್ಗಿದೊಡನೆ ಕೆಲಸ ಮಾಡಲು ಶುರುಮಾಡುವ "ಭೂತ" ಸೆನ್ಸರ್‌ಗಳಲ್ಲಿ ಕೆಲವದರ ಗುಟ್ಟು ಇದು.

ಸೈಡ್ ಸ್ಟ್ಯಾಂಡ್, ನ್ಯೂಟ್ರಲ್, ಕ್ಲಚ್

ಬಹಳಷ್ಟು ಬೈಕುಗಳಲ್ಲಿ ತರ್ಕ ಇಷ್ಟೇ: ನ್ಯೂಟ್ರಲ್‌ನಲ್ಲಿದ್ದರೆ ಸ್ಟ್ಯಾಂಡ್ ಇಳಿದಿದ್ದರೂ ಸ್ಟಾರ್ಟ್ ಆಗಲಿ, ಗೇರ್‌ನಲ್ಲಿದ್ದರೆ ಸ್ಟ್ಯಾಂಡ್ ಎತ್ತಿರಬೇಕು, ಕ್ಲಚ್ ಹಿಡಿದಿರಬೇಕು. ಇದನ್ನೇ ಪರೀಕ್ಷೆಗೆ ಬಳಸಿಕೊಳ್ಳಿ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆಗಿ, ಸ್ಟ್ಯಾಂಡ್ ಎತ್ತಿ ಗೇರ್ ಹಾಕಿದಾಗ ಬಂದ್ ಆದರೆ ಅನುಮಾನ ಸ್ಟ್ಯಾಂಡ್ ಸ್ವಿಚ್ ಮೇಲೆ. ನ್ಯೂಟ್ರಲ್‌ನಲ್ಲೇ ಸ್ಟಾರ್ಟ್ ಆಗದೆ, ಸ್ಟ್ಯಾಂಡ್ ಎತ್ತಿ ಕ್ಲಚ್ ಹಿಡಿದಾಗ ಮಾತ್ರ ಆದರೆ ನ್ಯೂಟ್ರಲ್ ಸ್ವಿಚ್ ಅಥವಾ ಅದರ ವೈರ್. ಗೇರ್‌ನಲ್ಲಿ ಸ್ಟಾರ್ಟರ್ ತಿರುಗದೆ, ತಿರುಗುತ್ತಿರುವ ಎಂಜಿನ್ ಮಾತ್ರ ಗೇರ್‌ನಲ್ಲೂ ಸರಿಯಾಗಿ ನಡೆದರೆ ಕ್ಲಚ್ ಸ್ವಿಚ್.

ಸ್ಟ್ಯಾಂಡ್ ಸ್ವಿಚ್ ಇರುವ ಜಾಗವೇ ಕೆಟ್ಟದ್ದು. ಚೈನಿನ ಎಣ್ಣೆ, ಕೆಸರು, ಕಲ್ಲಿನೇಟು ಎಲ್ಲ ಅಲ್ಲಿಗೇ. ಮ್ಯಾಗ್ನೆಟ್ ಮೇಲೆ ಉಕ್ಕಿನ ಪುಡಿ ಗಡ್ಡದಂತೆ ಬೆಳೆದು ಕಾಂತಬಲವನ್ನು ಅಡ್ಡದಾರಿಗೆ ಎಳೆಯುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಪುಡಿ ಅಲ್ಲೇ ಸರಿದಾಡುತ್ತದೆ. ಅಂಟು ಟೇಪ್ ಒತ್ತಿ ಕಿತ್ತರೆ ಬರುತ್ತದೆ. ಆಮೇಲೆ ಸ್ಟ್ಯಾಂಡಿನ ಪಿವಟ್ ಬೋಲ್ಟ್ ಹಿಡಿದು ಅಲುಗಿಸಿ. ಬುಷ್ ಸವೆದು ಸ್ಟ್ಯಾಂಡ್ ಅಡ್ಡಡ್ಡ ಆಡುತ್ತಿದ್ದರೆ ಸಂದು ಪ್ರತಿ ಗುಂಡಿಗೂ ಬದಲಾಗುತ್ತದೆ, ಎಂಜಿನ್ ಉಬ್ಬುತಗ್ಗಿನಲ್ಲಿ ಮಾತ್ರ ಮುಗ್ಗರಿಸುತ್ತದೆ. ಅಲ್ಲಿ ಹೊಸ ಸ್ವಿಚ್ ಹಾಕಿ ಫಲವಿಲ್ಲ, ಬುಷ್ ಬದಲಾಗಬೇಕು.

ಮೂರು ವೈರಿನ ಹಾಲ್ ಸೆನ್ಸರ್

ಕನೆಕ್ಟರ್ ಹಾಕಿರುವಂತೆಯೇ, ಹಿಂಬದಿಯಿಂದ ಸಣ್ಣ ಸೂಜಿ ಪಿನ್ ತೂರಿಸಿ ಅಳೆಯಿರಿ. ವೈರಿನ ಮೈ ಚುಚ್ಚಬೇಡಿ. ಆ ತೂತಿನಿಂದ ನೀರು ಇಳಿದು ಕೆಲ ತಿಂಗಳಲ್ಲಿ ತಾಮ್ರ ಕಿಲುಬು ಹಿಡಿಯುತ್ತದೆ. ಇಗ್ನಿಷನ್ ಹಾಕಿದಾಗ ಪೂರೈಕೆ ವೈರ್‌ನಲ್ಲಿ 5 ವೋಲ್ಟ್ ಅಥವಾ ಬ್ಯಾಟರಿ ವೋಲ್ಟೇಜ್ ಇರಬೇಕು. 5 ವೋಲ್ಟಿನ ಗಾಡಿಯಲ್ಲಿ 4.2 ಕಂಡರೆ ಅದೇ ಪೂರೈಕೆಯ ಮೇಲಿರುವ ಬೇರೆ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚುತ್ತ ಬನ್ನಿ. ಯಾವುದನ್ನು ಕಳಚಿದಾಗ 5ಕ್ಕೆ ಏರುತ್ತದೋ ಅಪರಾಧಿ ಅದು. ಅರ್ತ್ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ 0.1 ವೋಲ್ಟಿಗಿಂತ ಹೆಚ್ಚು ಇದ್ದರೆ ಅರ್ತ್ ದಾರಿ ಕೆಟ್ಟಿದೆ.

ಸಿಗ್ನಲ್ ವೈರ್ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಸ್ವಿಚ್ ಮಾದರಿಯ ಹಾಲ್ ಸೆನ್ಸರ್‌ಗಳಲ್ಲಿ ಬಹುತೇಕವು ತಾವಾಗಿ ವೋಲ್ಟೇಜ್ ಕೊಡುವುದಿಲ್ಲ. ಇಸಿಯು (ಗಾಡಿಯ ನಿಯಂತ್ರಣ ಕಂಪ್ಯೂಟರ್) ಒಂದು ರೆಸಿಸ್ಟರ್ ಮೂಲಕ ಆ ವೈರನ್ನು ಮೇಲಕ್ಕೆ ಎತ್ತಿ ಹಿಡಿದಿರುತ್ತದೆ, ಸೆನ್ಸರ್ ಅದನ್ನು ಅರ್ತ್‌ಗೆ ಎಳೆಯುತ್ತದೆ ಅಷ್ಟೆ. ಹಾಗಾಗಿ ಕನೆಕ್ಟರ್ ಕಳಚಿ ಹಾರ್ನೆಸ್ ಕಡೆ ನೋಡಿದಾಗ ಸಿಗ್ನಲ್ ವೈರ್‌ನಲ್ಲಿ ವೋಲ್ಟೇಜ್ ಇರಬೇಕು; ಇಲ್ಲದಿದ್ದರೆ ವೈರ್ ಕಡಿದಿದೆ ಅಥವಾ ಇಸಿಯು ಕಡೆ ತೊಂದರೆ. ಕನೆಕ್ಟರ್ ಹಾಕಿ ಚಕ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದಾಗ ವೋಲ್ಟೇಜ್ ಪೂರ್ತಿ ಮೇಲೆ, ಪೂರ್ತಿ ಕೆಳಗೆ (0.4ಕ್ಕಿಂತ ಕಡಿಮೆ) ಹೀಗೆ ನೆಗೆಯಬೇಕು. ನಡುವೆ 2, 3 ವೋಲ್ಟ್‌ನಲ್ಲಿ ಜೋತುಬಿದ್ದರೆ ಸೆನ್ಸರ್ ಸಾಯುತ್ತಿದೆ.

ಸೆನ್ಸರನ್ನು ಹೊರತೆಗೆದು ಮೇಜಿನ ಮೇಲೆ ಪರೀಕ್ಷಿಸುವಾಗ ಅದಕ್ಕೆ ಹೇಳಿದಷ್ಟೇ ವೋಲ್ಟ್ ಕೊಡಿ. ಸಿಗ್ನಲ್ ಮತ್ತು ಪೂರೈಕೆಯ ನಡುವೆ 1ರಿಂದ 10 ಕಿಲೋ ಓಮ್ ರೆಸಿಸ್ಟರ್ ಹಾಕಿ, ಸಿಗ್ನಲ್ ಮತ್ತು ಅರ್ತ್ ನಡುವೆ ಮೀಟರ್ ಇಡಿ. ರೆಸಿಸ್ಟರ್ ಇಲ್ಲದೆ ಅಳೆದು "ಸಿಗ್ನಲ್ ಇಲ್ಲ" ಎಂದು ಒಳ್ಳೆಯ ಸೆನ್ಸರನ್ನೇ ಎಸೆಯುವುದುಂಟು. ಬಲ್ಬಿನ ಟೆಸ್ಟ್ ಲ್ಯಾಂಪ್ ಮಾತ್ರ ಬೇಡವೇ ಬೇಡ. ಈ ಚಿಪ್‌ಗಳು ಎಳೆಯಬಲ್ಲದ್ದು ಕೆಲವೇ ಹತ್ತು ಮಿಲಿಆಂಪಿಯರ್. ಬಲ್ಬ್ ಒಂದೇ ಸಲಕ್ಕೆ ಅದನ್ನು ಮುಗಿಸುತ್ತದೆ.

ಮ್ಯಾಗ್ನೆಟ್ ಕಿತ್ತು ಮತ್ತೆ ಅಂಟಿಸಿದ ಮೇಲೆ ಸೆನ್ಸರ್ ಸತ್ತಂತಿದ್ದರೆ ಮ್ಯಾಗ್ನೆಟ್ ತಿರುಗಿಸಿ ನೋಡಿ. ಎಷ್ಟೋ ಹಾಲ್ ಸ್ವಿಚ್‌ಗಳು ಒಂದೇ ಧ್ರುವಕ್ಕೆ ಸ್ಪಂದಿಸುತ್ತವೆ. ರೀಡ್‌ಗೆ ಈ ಭೇದವಿಲ್ಲ. ಮ್ಯಾಗ್ನೆಟ್ ಕಳಚುವ ಮೊದಲೇ ಹೊರಮುಖಕ್ಕೆ ಪೇಂಟ್ ಚುಕ್ಕೆ ಇಟ್ಟರೆ ಈ ಹುಡುಕಾಟವೇ ಇರುವುದಿಲ್ಲ.

ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಕೈ ಹಿಂದೆ. ಅವು ಏರ್‌ಬ್ಯಾಗ್ ಮತ್ತು ಬೆಲ್ಟ್ ಬಿಗಿಸುವ ಸಿಡಿಮದ್ದಿನ ಸರ್ಕ್ಯೂಟಿಗೆ ಸೇರಿದವು. ಬ್ಯಾಟರಿ ಕಳಚಿ, ತಯಾರಕರು ಹೇಳಿದಷ್ಟು ಹೊತ್ತು ಕಾಯದೆ ಬಿಚ್ಚಬಾರದು. ಅವಕ್ಕೆ ಓಮ್ ಮೀಟರ್ ಹಚ್ಚಲೇಬಾರದು.

ಎಬಿಎಸ್ ಚಕ್ರ ಸೆನ್ಸರ್

ಹಳೆಯ ಕಾಯಿಲ್ ಮಾದರಿಯಾದರೆ ಓಮ್ ಅಳೆಯಬಹುದು. ಬಹುತೇಕ 800ರಿಂದ 2,000 ಓಮ್ ನಡುವೆ ಇರುತ್ತವೆ. ಅಂಕಿಗಿಂತ ಮುಖ್ಯ, ಒಂದೇ ಆಕ್ಸಲ್‌ನ ಎಡಬಲ ಹತ್ತಿರ ಹತ್ತಿರ ಇರುವುದು. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಚಕ್ರ ಎತ್ತಿ, ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿದರೆ ನೂರಾರು ಮಿಲಿವೋಲ್ಟ್ ಕಾಣಬೇಕು. ಇಲ್ಲೂ ಎರಡು ಬದಿ ಹೋಲಿಸಿ.

ಗಾಡಿ ನಿಲ್ಲುವ ಹೊತ್ತಿಗೆ, 5–10 ಕಿಲೋಮೀಟರ್ ವೇಗದಲ್ಲಿ, ಒಣ ರಸ್ತೆಯಲ್ಲೇ ಎಬಿಎಸ್ ನಡುಗುವ ದೂರಿನ ಬೇರು ಇಲ್ಲಿದೆ. ಕಾಯಿಲ್ ಹುಟ್ಟಿಸುವ ವೋಲ್ಟೇಜ್ ವೇಗದ ಜೊತೆ ಇಳಿಯುತ್ತದೆ. ಸೆನ್ಸರ್ ಕೂರುವ ಲೋಹದ ಮೇಲೆ ತುಕ್ಕು ಪದರಪದರವಾಗಿ ಉಬ್ಬಿ ಸೆನ್ಸರನ್ನು ಅರ್ಧ ಮಿಲಿಮೀಟರ್ ಮೇಲೆತ್ತಿದರೂ ಸಿಗ್ನಲ್ ದುರ್ಬಲವಾಗುತ್ತದೆ. ಹೆಚ್ಚು ವೇಗದಲ್ಲಿ ಅದು ಗೊತ್ತಾಗುವುದಿಲ್ಲ. ನಿಧಾನವಾದಾಗ ಆ ಒಂದು ಚಕ್ರದ ಸಿಗ್ನಲ್ ಮಿಕ್ಕವುಗಳಿಗಿಂತ ಮೊದಲೇ ಕಾಣೆಯಾಗುತ್ತದೆ. ಚಕ್ರ ಲಾಕ್ ಆಯಿತು ಎಂದು ಇಸಿಯು ಭಾವಿಸಿ ಆ ಬ್ರೇಕ್ ಬಿಡಿಸುತ್ತದೆ. ಸೆನ್ಸರ್ ಮೆಲ್ಲಗೆ ಬಿಡಿಸಿ, ಕೂರುವ ಜಾಗವನ್ನು ತಂತಿ ಬ್ರಷ್‌ನಿಂದ ಹೊಳೆಯುವ ಲೋಹದವರೆಗೆ ಉಜ್ಜಿ, ತೆಳುವಾಗಿ ಗ್ರೀಸ್ ಸವರಿ ಕೂರಿಸಿ. ಫೀಲರ್ ಗೇಜ್ ಹಿಡಿದು ಸಂದು ನೋಡಿ. ತಯಾರಕರ ಅಂಕಿಯೇ ಅಂತಿಮ, ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸು. ಸೆನ್ಸರಿನ ತುದಿಯನ್ನು ಅರದಿಂದ ಉಜ್ಜಿ ಸಂದು ಹೊಂದಿಸಬೇಡಿ. ಹಲ್ಲಿನ ಉಂಗುರ ಬಿರುಕು ಬಿಟ್ಟಿದ್ದರೂ ಇದೇ ದೂರು ಬರುತ್ತದೆ. ಪ್ರತಿ ಹಲ್ಲನ್ನೂ ತಿರುಗಿಸಿ ನೋಡಿ.

ಚಿಪ್ ಮಾದರಿ ಬೇರೆ ಭಾಷೆ ಆಡುತ್ತದೆ. ಅದು ವೋಲ್ಟೇಜ್ ಬದಲಿಸುವುದಿಲ್ಲ, ಕರೆಂಟ್ ಬದಲಿಸುತ್ತದೆ: 7 ಮಿಲಿಆಂಪಿಯರ್, 14 ಮಿಲಿಆಂಪಿಯರ್. 12 ವೋಲ್ಟ್ ಪೂರೈಕೆಗೆ ಸರಣಿಯಲ್ಲಿ 100 ಓಮ್ ರೆಸಿಸ್ಟರ್ ಹಾಕಿ ಅದರ ಎರಡು ತುದಿಗೆ ಮೀಟರ್ ಇಟ್ಟರೆ, ಚಕ್ರವನ್ನು ಬೆರಳಿನಷ್ಟು ಬೆರಳಿನಷ್ಟು ಸರಿಸಿದಂತೆ 0.7 ಮತ್ತು 1.4 ವೋಲ್ಟ್ ನಡುವೆ ಅಂಕಿ ನೆಗೆಯುತ್ತದೆ. ಪೂರೈಕೆಯ ಪ್ಲಸ್ ಮೈನಸ್ ಅದಲುಬದಲಾಗದಂತೆ ನೋಡಿಕೊಳ್ಳಿ. ಇಂಥ ಗಾಡಿಗಳಲ್ಲಿ ಹಲವು ಸಲ ಹಲ್ಲಿನ ಉಂಗುರವೇ ಇರುವುದಿಲ್ಲ. ಬೇರಿಂಗಿನ ಒಂದು ಬದಿಯ ಕಪ್ಪು ಸೀಲಿನೊಳಗೆ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಕಾಂತಧ್ರುವಗಳನ್ನು ಅಚ್ಚೊತ್ತಿರುತ್ತಾರೆ. ಬೇರಿಂಗ್ ತಿರುಗುಮುರುಗಾಗಿ ಒತ್ತಿದರೆ ಸಿಗ್ನಲ್ ಶೂನ್ಯ, ಮತ್ತೆ ಬಿಚ್ಚಿದರೆ ಬೇರಿಂಗೇ ಹಾಳು. ಒತ್ತುವ ಮೊದಲು ಒಂದು ಗುಂಡುಪಿನ್ನನ್ನು ಎರಡೂ ಬದಿಗೆ ಮೃದುವಾಗಿ ತಾಗಿಸಿ; ಹಿಡಿದುಕೊಳ್ಳುವ ಬದಿ ಸೆನ್ಸರ್ ಕಡೆಗೆ. ಆ ಬದಿಯನ್ನು ಮ್ಯಾಗ್ನೆಟ್ ಟ್ರೇ ಮೇಲಾಗಲಿ, ಉಕ್ಕಿನ ಪುಡಿ ಬಿದ್ದ ಮೇಜಿನ ಮೇಲಾಗಲಿ ಇಡಬೇಡಿ.

ಉಕ್ಕಿನ ಗುಂಡಿನ ಸ್ವಿಚ್

ಅಪಘಾತವಾದಾಗ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಅನೇಕ ಹಳೆಯ ಕಾರುಗಳಲ್ಲಿದೆ. ಒಳಗಿನ ರಚನೆ ನೋಡುವಂಥದ್ದು. ಶಂಕುವಿನಾಕಾರದ ಬಟ್ಟಲಿನ ತಳದಲ್ಲಿ ಒಂದು ಉಕ್ಕಿನ ಗುಂಡು. ಕೆಳಗಿರುವ ಮ್ಯಾಗ್ನೆಟ್ ಅದನ್ನು ಹಿಡಿದಿಟ್ಟಿರುತ್ತದೆ. ಜೋರಾದ ಹೊಡೆತ ಬಿದ್ದಾಗ ಗುಂಡು ಮ್ಯಾಗ್ನೆಟ್ಟಿನ ಹಿಡಿತ ಬಿಡಿಸಿಕೊಂಡು, ಬಟ್ಟಲಿನ ಇಳಿಜಾರು ಏರಿ, ಮೇಲಿನ ತಟ್ಟೆಗೆ ಬಡಿಯುತ್ತದೆ. ತಟ್ಟೆ ಸಂಪರ್ಕ ತಪ್ಪಿಸುತ್ತದೆ, ನೆತ್ತಿಯ ಗುಂಡಿ ಮೇಲೇಳುತ್ತದೆ. ಚಿಪ್ ಇಲ್ಲ, ವಿದ್ಯುತ್ತೂ ಬೇಡ.

ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ, ಪಂಪಿನ ಗುಂಯ್ ಸದ್ದೂ ಇಲ್ಲ ಎಂದಾಗ ಈ ಗುಂಡಿ ಮೇಲೆದ್ದಿದೆಯೇ ನೋಡಿ. ಹಿಂಬದಿಯ ಸಾಮಾನಿನ ಡಿಕ್ಕಿಯ ಪಕ್ಕದ ಹಲಗೆಯ ಹಿಂದೆ, ಅಥವಾ ಮುಂದಿನ ಪ್ರಯಾಣಿಕರ ಕಾಲಿನ ಪಕ್ಕದ ಹಲಗೆಯ ಹಿಂದೆ ಇರುವುದು ಸಾಮಾನ್ಯ. ಒತ್ತುವ ಮೊದಲು ಇಗ್ನಿಷನ್ ಆಫ್ ಮಾಡಿ, ಪೆಟ್ರೋಲ್ ವಾಸನೆ ಇದೆಯೇ, ಗಾಡಿಯ ಕೆಳಗೆ ಹನಿ ಇದೆಯೇ ನೋಡಿ. ಇಲ್ಲ ಎಂದಾದ ಮೇಲೆ ಒತ್ತಿ, ಇಗ್ನಿಷನ್ ಕೆಲವು ಸೆಕೆಂಡ್ ಹಾಕಿ ತೆಗೆದು, ಮತ್ತೊಮ್ಮೆ ಕೆಳಗೆ ಬಗ್ಗಿ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ. ಪಂಪ್ ಒತ್ತಡ ತುಂಬಿದ ಮೇಲೆ ಮಾತ್ರ ಕಾಣುವ ಸೋರಿಕೆಗಳುಂಟು, ಅದಕ್ಕೇ ಎರಡನೇ ಸಲದ ತಪಾಸಣೆ. ಚಕ್ರ ರಸ್ತೆಯ ಹಳ್ಳಕ್ಕೆ ಬಿದ್ದ ಮಾತ್ರಕ್ಕೇ ಈ ಸ್ವಿಚ್ ಹಾರುತ್ತಿದ್ದರೆ ಬ್ರಾಕೆಟ್ ಸಡಿಲವಾಗಿರುತ್ತದೆ. ಸ್ವಿಚ್ ನೆಟ್ಟಗೆ, ಗಟ್ಟಿ ಲೋಹಕ್ಕೆ ಬಿಗಿಯಾಗಿರಬೇಕು. ಗುಂಡನ್ನು ತಳದಲ್ಲಿ ಕೂರಿಸುವುದರಲ್ಲಿ ಗುರುತ್ವಕ್ಕೂ ಪಾಲಿದೆ, ಓರೆಯಾಗಿ ಕಟ್ಟಿದರೆ ಲೆಕ್ಕ ತಪ್ಪುತ್ತದೆ.

ಟಿಪ್ಪರ್ ತೊಟ್ಟಿ ಎದ್ದಿದೆ ಎಂಬ ಎಚ್ಚರಿಕೆ ಕೂರಿಸುವುದು

ತೊಟ್ಟಿ ಎತ್ತಿದ್ದನ್ನು ಮರೆತು ಹೊರಟ ಟಿಪ್ಪರ್ ವಿದ್ಯುತ್ ತಂತಿಗೆ, ಸೇತುವೆಗೆ ತಾಗಿದರೆ ಜೀವ ಹೋಗುತ್ತದೆ. ಮ್ಯಾಗ್ನೆಟ್ ಸೆನ್ಸರ್ ಹಾಕಲು ಇದಕ್ಕಿಂತ ಯೋಗ್ಯ ಜಾಗ ಕಡಿಮೆ. ಅಗ್ಗದ ಜೋಡಣೆಗಳು ಇಲ್ಲೇ ಎಡವುವುದರಿಂದ ಇದನ್ನು ವಿವರವಾಗಿ ನೋಡೋಣ.

ಬೇಕಾದ್ದು: ಹೊರಾಂಗಣಕ್ಕೆ ಮೊಹರಾದ, ಮ್ಯಾಗ್ನೆಟ್ ಹತ್ತಿರವಿದ್ದಾಗ ಮುಚ್ಚುವ ರೀಡ್ ಸೆನ್ಸರ್ ಮತ್ತು ಅದರದೇ ಮ್ಯಾಗ್ನೆಟ್, ಗಾಡಿಯ ವೋಲ್ಟೇಜಿಗೆ ತಕ್ಕ, 30, 85, 86, 87, 87ಎ ಎಂಬ ಐದು ಪಿನ್ನಿನ ರಿಲೇ, 1ಎನ್4007 ಡಯೋಡ್ ಒಂದು, 1 ಆಂಪಿಯರ್ ಮತ್ತು 2 ಆಂಪಿಯರ್ ಫ್ಯೂಸ್, ಎರಡಕ್ಕೂ ಪ್ರತ್ಯೇಕ ಹೋಲ್ಡರ್, ಬಜರ್, ಎಲ್‌ಇಡಿ ದೀಪ, 0.75 ಚದರ ಮಿಲಿಮೀಟರ್ ವೈರ್, ಸುರುಳಿ ಕೊಳವೆ, ಅಂಟು ಇರುವ ಹೀಟ್ ಶ್ರಿಂಕ್. ಅಲ್ಯೂಮಿನಿಯಂ ಬ್ರಾಕೆಟ್, ಕಾಂತಕ್ಕೆ ಅಂಟದ ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಸ್ಕ್ರೂ.

ಕೆಲಸಕ್ಕೆ ತೊಟ್ಟಿ ಎತ್ತಬೇಕಾದರೆ ತೊಟ್ಟಿಯ ಊರುಗೋಲು ಕೊಟ್ಟ ಮೇಲೆಯೇ ಕೆಳಗೆ ಹೋಗಿ. ಹೈಡ್ರಾಲಿಕ್ ಹಿಡಿದಿದೆ ಎಂಬ ನಂಬಿಕೆ ಸಾಲದು.

ಜಾಗದ ಆಯ್ಕೆ ಅರ್ಧ ಕೆಲಸ. ತೊಟ್ಟಿಯ ಕೀಲು ಹಿಂದೆ ಇರುತ್ತದೆ. ಕೀಲಿನಿಂದ 300 ಮಿಲಿಮೀಟರ್ ದೂರದಲ್ಲಿ ಸೆನ್ಸರ್ ಇಟ್ಟರೆ, ತೊಟ್ಟಿ 2 ಡಿಗ್ರಿ ಎದ್ದಾಗ ಮ್ಯಾಗ್ನೆಟ್ ಸರಿಯುವುದು ಬರೀ 10 ಮಿಲಿಮೀಟರ್. ಅದೇ ಕೀಲಿನಿಂದ 4 ಮೀಟರ್ ಮುಂದೆ ಇಟ್ಟರೆ 140 ಮಿಲಿಮೀಟರ್. ಆದ್ದರಿಂದ ಸೆನ್ಸರ್ ಚಾಸಿಯ ಮುಂಭಾಗದಲ್ಲಿ, ಮ್ಯಾಗ್ನೆಟ್ ಅದರ ಎದುರು ತೊಟ್ಟಿಯ ತಳದಲ್ಲಿ. ವೈರ್ ಎಳೆದಾಡದ ಹಾಗೆ ಸೆನ್ಸರ್ ಯಾವಾಗಲೂ ಅಲುಗದ ಭಾಗದ ಮೇಲಿರಲಿ.

ಸಂದು ನಿರ್ಧರಿಸುವಾಗ ಡಬ್ಬದ ಮೇಲೆ ಬರೆದ ದೂರ ನಂಬಬೇಡಿ. ಅದು ಸುತ್ತ ಕಬ್ಬಿಣ ಇಲ್ಲದಿರುವಾಗಿನ ಮಾತು. ಚಾಸಿಯ ಉಕ್ಕು ಕಾಂತರೇಖೆಗಳನ್ನು ತನ್ನೊಳಗೆ ಎಳೆದುಕೊಂಡು ಆ ದೂರವನ್ನು ಅರ್ಧಕ್ಕೂ ಇಳಿಸಬಹುದು. ಎರಡೂ ಭಾಗದ ಹಿಂದೆ 10–15 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ತುಂಡು ಕೊಡಿ. ಟೇಪ್‌ನಿಂದ ತಾತ್ಕಾಲಿಕವಾಗಿ ಅಂಟಿಸಿ, ಮೀಟರ್ ಬೀಪ್‌ನಲ್ಲಿಟ್ಟು, ಮ್ಯಾಗ್ನೆಟ್ಟನ್ನು ಹತ್ತಿರ ತರುತ್ತ ಎಲ್ಲಿ ಮುಚ್ಚುತ್ತದೆ, ದೂರ ಒಯ್ಯುತ್ತ ಎಲ್ಲಿ ಬಿಡುತ್ತದೆ ಎಂದು ಸ್ಕೇಲ್ ಹಿಡಿದು ಬರೆದುಕೊಳ್ಳಿ. ಬಿಡುವ ದೂರ ಮುಚ್ಚುವ ದೂರಕ್ಕಿಂತ ಹೆಚ್ಚೇ ಇರುತ್ತದೆ. ಗಾಡಿಯ ಮೇಲೆ ಸಿಕ್ಕ ಮುಚ್ಚುವ ದೂರದ ಅರ್ಧದಷ್ಟು ಸಂದು ಇಡಿ. ಖಾಲಿ ತೊಟ್ಟಿ ರಬ್ಬರ್ ಪ್ಯಾಡ್‌ಗಳ ಮೇಲೆ ಸ್ವಲ್ಪ ಎತ್ತರಕ್ಕೆ ಕೂರುತ್ತದೆ, ಓಟದಲ್ಲಿ ಪುಟಿಯುತ್ತದೆ. ಅಳತೆ ಖಾಲಿ ತೊಟ್ಟಿಯಲ್ಲಿ ಮಾಡಿ. ತುಂಬಿದಾಗ ಪ್ಯಾಡ್ ಕುಸಿದು ಮ್ಯಾಗ್ನೆಟ್ ಸೆನ್ಸರಿಗೆ ಬಡಿಯದಷ್ಟು ಜಾಗವೂ ಉಳಿಯಬೇಕು. ಬ್ರಾಕೆಟ್ ಬೆಸುಗೆ ಹಾಕಬೇಡಿ, ಬೋಲ್ಟ್ ಹಾಕಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳುತ್ತದೆ, ತಣ್ಣಗಾದರೂ ಮರಳಿ ಬರುವುದಿಲ್ಲ. ಸೈಲೆನ್ಸರ್ ಪಕ್ಕವೂ ಬೇಡ.

ಇನ್ನು ವೈರಿಂಗ್. ಇಗ್ನಿಷನ್ ಹಾಕಿದಾಗ ಬರುವ ಪ್ಲಸ್‌ನಿಂದ ಎರಡು ದಾರಿ ಮಾಡಿ. ಮೊದಲ ದಾರಿ: 1 ಆಂಪಿಯರ್ ಫ್ಯೂಸ್, ಅಲ್ಲಿಂದ ಸೆನ್ಸರ್, ಸೆನ್ಸರ್‌ನಿಂದ ರಿಲೇಯ 86, 85 ಅರ್ತ್‌ಗೆ. ಎರಡನೇ ದಾರಿ: 2 ಆಂಪಿಯರ್ ಫ್ಯೂಸ್, ರಿಲೇಯ 30, 87ಎಯಿಂದ ಬಜರ್ ಮತ್ತು ದೀಪಕ್ಕೆ, ಅಲ್ಲಿಂದ ಅರ್ತ್. 87 ಖಾಲಿ ಬಿಟ್ಟು ಟೇಪ್ ಸುತ್ತಿ. ಡಯೋಡ್ 85–86 ನಡುವೆ, ಬೆಳ್ಳಿ ಪಟ್ಟಿ ಇರುವ ತುದಿ 86ಕ್ಕೆ. ಉಲ್ಟಾ ಹಾಕಿದರೆ ನೇರ ಶಾರ್ಟ್. ರಿಲೇಯೊಳಗೇ ಡಯೋಡ್ ಇದ್ದರೆ ಹೊರಗಿನದು ಬೇಡ, ಆದರೆ 85, 86ರ ಪ್ಲಸ್ ಮೈನಸ್ ಅದರ ಮೈಮೇಲಿನ ಚಿತ್ರದಂತೆಯೇ ಇರಬೇಕು. ಕಾಯಿಲ್ ಎಳೆಯುವ ಕರೆಂಟ್ 12 ವೋಲ್ಟಿನಲ್ಲಿ ಸುಮಾರು 150 ಮಿಲಿಆಂಪಿಯರ್, 24 ವೋಲ್ಟಿನಲ್ಲಿ ಅದರರ್ಧ. ಡಯೋಡ್ ಜೊತೆಗಿದ್ದರೆ ರೀಡ್ ಇದನ್ನು ಆರಾಮವಾಗಿ ಹೊರುತ್ತದೆ.

ಯಾಕಿಷ್ಟು ಸುತ್ತುದಾರಿ? ತೊಟ್ಟಿ ಕೆಳಗಿರುವಾಗ ರೀಡ್ ಮುಚ್ಚಿದೆ, ರಿಲೇ ಎಳೆದುಕೊಂಡಿದೆ, ಬಜರ್ ಸುಮ್ಮನಿದೆ. ತೊಟ್ಟಿ ಎದ್ದರೆ ರಿಲೇ ಬಿಡುತ್ತದೆ, ಬಜರ್ ಕೂಗುತ್ತದೆ. ವೈರ್ ಕಡಿದರೂ, ಕನೆಕ್ಟರ್ ಕಳಚಿದರೂ, ಮ್ಯಾಗ್ನೆಟ್ ಬಿದ್ದುಹೋದರೂ, ಕಾಯಿಲ್ ಸುಟ್ಟರೂ ಬಜರ್ ಕೂಗುತ್ತದೆ. ಸೆನ್ಸರನ್ನು ಅರ್ತ್ ಕಡೆ ಹಾಕುವವರೇ ಹೆಚ್ಚು, ಅದು ಸುಲಭ. ಆದರೆ ಆಗ ಸೆನ್ಸರ್ ವೈರ್ ಎಲ್ಲೋ ಉಜ್ಜಿ ಚಾಸಿಗೆ ತಾಗಿದರೆ ರಿಲೇ ಶಾಶ್ವತವಾಗಿ ಎಳೆದುಕೊಂಡೇ ಉಳಿಯುತ್ತದೆ. ತೊಟ್ಟಿ ಎದ್ದರೂ ಬಜರ್ ಮೌನ. ಪ್ಲಸ್ ಕಡೆ ಹಾಕಿದಾಗ ಅದೇ ಉಜ್ಜಾಟ 1 ಆಂಪಿಯರ್ ಫ್ಯೂಸ್ ಸುಡುತ್ತದೆ, ರಿಲೇ ಬಿಡುತ್ತದೆ, ಬೇರೆ ಫ್ಯೂಸಿನ ಮೇಲಿರುವ ಬಜರ್ ಕೂಗುತ್ತದೆ. ಎರಡಕ್ಕೂ ಒಂದೇ ಫ್ಯೂಸ್ ಹಾಕಿದರೆ ಈ ಲಾಭ ಪೂರ್ತಿ ಹೋಯಿತು. ಹಾಗೆ ಫ್ಯೂಸ್ ಸುಟ್ಟಿದ್ದರೆ ಆ ಶಾರ್ಟಿನ ಕರೆಂಟ್ ರೀಡ್ ಮೂಲಕವೂ ಹಾದಿರಬಹುದು. ತುದಿ ಬೆಸೆದುಕೊಂಡಿದೆಯೇ ಎಂದು ನೋಡದೆ, ಅನುಮಾನವಿದ್ದರೆ ಸೆನ್ಸರ್ ಬದಲಾಯಿಸದೆ, ಹೊಸ ಫ್ಯೂಸ್ ಹಾಕಬೇಡಿ.

ಈ ಜೋಡಣೆ ಹಿಡಿಯಲಾಗದ ದೋಷಗಳೂ ಇವೆ: ಸೆನ್ಸರಿನ ಎರಡು ವೈರ್ ಒಂದಕ್ಕೊಂದು ತಾಗುವುದು, ಬಜರಿನ ಫ್ಯೂಸ್ ಹೋಗುವುದು, ಬಜರೇ ಸಾಯುವುದು. ಇವಕ್ಕೆ ಮದ್ದು ದಿನದ ಮೊದಲ ತೊಟ್ಟಿ ಎತ್ತುವಾಗ ಕಿವಿಗೊಡುವುದು. ಕೂಗದಿದ್ದರೆ ಆ ದಿನ ಗಾಡಿ ಹೊರಡುವ ಮೊದಲೇ ಗೊತ್ತಾಯಿತು. ಇದೇ ಸರ್ಕ್ಯೂಟಿಗೆ ಎಂಜಿನ್ ಬಂದ್ ಮಾಡುವ ಕೆಲಸ ಕೊಡಬೇಡಿ. ವೈರ್ ಕಡಿದಾಗ ಓಡುತ್ತಿರುವ ಗಾಡಿಯ ಎಂಜಿನ್ ನಿಂತರೆ ಸ್ಟೀರಿಂಗಿನ, ಬ್ರೇಕಿನ ಸಹಾಯಬಲವೂ ಹೋಗುತ್ತದೆ.

ಜಂಪರ್ ವೈರ್ ಬಗ್ಗೆ

ಸ್ಟ್ಯಾಂಡ್ ಸ್ವಿಚ್‌ನ ಎರಡು ವೈರ್ ತಿರುಚಿ ಟೇಪ್ ಸುತ್ತಿದರೆ ಬೈಕ್ ಓಡುತ್ತದೆ, ನಿಜ. ಇಳಿದ ಸ್ಟ್ಯಾಂಡ್ ಎಡ ತಿರುವಿನಲ್ಲಿ ನೆಲಕ್ಕೆ ತಾಗಿ ಹಿಂಚಕ್ರವನ್ನು ಎತ್ತಿದಾಗ ಸವಾರ ಬೀಳುವುದೂ ಅಷ್ಟೇ ನಿಜ. ಪರೀಕ್ಷೆಗೆ ಜಂಪರ್ (ಸ್ವಿಚ್ಚನ್ನು ಬಿಟ್ಟು ಎರಡು ವೈರ್ ಜೋಡಿಸುವ ತುಂಡು) ಹಾಕಬೇಕಾಗುತ್ತದೆ, ತಪ್ಪಲ್ಲ. ಅದಕ್ಕೆಂದೇ ಒಂದು ಮೊಳದುದ್ದದ, ಕಣ್ಣಿಗೆ ಹೊಡೆಯುವ ಬಣ್ಣದ, ಫ್ಯೂಸ್ ಇರುವ ವೈರ್ ಇಟ್ಟುಕೊಳ್ಳಿ. ಬಾಡಿಯೊಳಗೆ ಬಚ್ಚಿಡಲಾಗದಷ್ಟು ಉದ್ದವಿದ್ದರೆ ಮರೆತುಹೋಗುವುದಿಲ್ಲ. ಗಾಡಿ ನಿಂತಲ್ಲೇ ಪರೀಕ್ಷೆ ಮುಗಿಸಿ ತೆಗೆಯಿರಿ. ಹೊಸ ಸ್ವಿಚ್ ಬರುವತನಕ ಗಾಡಿ ಕೊಡಲೇಬೇಕು ಎನ್ನುವ ಒತ್ತಡಕ್ಕೆ ಮಣಿಯಬೇಡಿ.

ಕೆಲಸ ಮುಗಿದ ಮೇಲೆ

ಕನೆಕ್ಟರಿನ ರಬ್ಬರ್ ಸೀಲ್ ಜಾಗದಲ್ಲಿದೆಯೇ ನೋಡಿ, ಸೀಲಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ಹೊರಗಿರುವ ಕನೆಕ್ಟರಿಗೆ ಹೋಗುವ ವೈರ್ ಮೊದಲು ಕೆಳಗಿಳಿದು ನಂತರ ಮೇಲೇರಿ ಒಳಹೋಗುವಂತೆ ಕಟ್ಟಿ; ನೀರು ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಪಿನ್‌ವರೆಗೆ ಹರಿಯುವುದಿಲ್ಲ. ಮುಚ್ಚುವ ದೂರ, ಬಿಡುವ ದೂರ, ಇಟ್ಟ ಸಂದು, ಅಳೆದ ವೋಲ್ಟ್ ಎಲ್ಲವನ್ನೂ ತಾರೀಖಿನೊಂದಿಗೆ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಸಂದು ಬೆಳೆದಿದೆಯೋ ಮ್ಯಾಗ್ನೆಟ್ ಸೊರಗಿದೆಯೋ ಎಂದು ಹೋಲಿಸಲು ಬೇರೆ ಆಧಾರ ಸಿಗುವುದಿಲ್ಲ. ಆಮೇಲೆ ಗಾಡಿಯನ್ನು ಉಬ್ಬುತಗ್ಗಿನ ದಾರಿಯಲ್ಲಿ ಓಡಿಸಿ, ತಳಭಾಗಕ್ಕೆ ಚೆನ್ನಾಗಿ ನೀರು ಹೊಡೆದು ತೊಳೆದು, ಒಂದು ರಾತ್ರಿ ನಿಲ್ಲಿಸಿ. ಬೆಳಗ್ಗೆ ಒಣಗುವ ಮೊದಲೇ ಅದೇ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿ.